ಮಾಗಿಯ ಗಾಳಿ, ಕಬ್ಬಿನ ಬೆಂಕಿ

ಆಷಾಢ-ಶ್ರಾವಣಗಳಲ್ಲಿ ಕೃಷ್ಣೆಯು ದಂಡೆ ಮೀರಿ ಹರಿಯತೊಡಗಿದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳ ಹೆಸರು ನಾಡಿನ ಪತ್ರಿಕೆಗಳಲ್ಲೆಲ್ಲ ದಿನವೂ ಕಾಣಿಸಿಕೊಳ್ಳುವದು. ಕೊಯ್ನೆಯಿಂದ ಎಷ್ಟು ನೀರು ಬಿಟ್ಟರು, ದೂಧಗಂಗೆ ವೇದಗಂಗೆಗಳ ಮೇಲಿನ ಯಾವ ಸೇತುವೆಗಳು ಮುಳುಗಿದವು, ಯಾವ ಊರಿನವರು ಮನೆ ಬಿಟ್ಟು ಎತ್ತರದ ಸ್ಥಳಕ್ಕೆ ಹೋಗಬೇಕು ಎಂಬುದನ್ನು ಅಧಿಕಾರಿಗಳು ಹೊತ್ತುಹೊತ್ತಿಗೆ ಸಾರುತ್ತಾರೆ. 2005ರ ಮತ್ತು 2019ರ ಮಹಾಪೂರಗಳು ಕಲಿಸಿದ ಪಾಠವಿದು. ಇನ್ನೂ ಎಷ್ಟೋ ಸುಧಾರಣೆ ಆಗಬೇಕಾಗಿದ್ದರೂ ನೆರೆಯ ವಿಷಯದಲ್ಲಿ ಮುನ್ಸೂಚನೆ ಕೊಡುವದು ಸರಕಾರದ ಕರ್ತವ್ಯವೆಂಬ ಮಾತಿಗೆ ಈಗ ಯಾರೂ ಎದುರಾಡುವದಿಲ್ಲ. ಆದರೆ ಅದೇ ಊರುಗಳಿಗೆ, ಅದೇ ಹೊಲಗಳಿಗೆ, ಮಾರ್ಗಶಿರದಿಂದ ಫಾಲ್ಗುಣದವರೆಗೆ ಇನ್ನೊಂದು ವಿಪತ್ತು ವರ್ಷವರ್ಷವೂ ತಪ್ಪದೆ ಬರುತ್ತದೆ. ಅದಕ್ಕೆ ಡಂಗುರವಿಲ್ಲ, ಮುನ್ಸೂಚನೆಯಿಲ್ಲ, ಮಂತ್ರಿಗಳ ಸಂಚಾರವೂ ಇಲ್ಲ. ಅದು ಬೆಂಕಿ.

ಈ ಬೆಂಕಿಯ ಸುದ್ದಿ ಪತ್ರಿಕೆಗಳ ಒಳಪುಟದ ನಾಲ್ಕು ಸಾಲುಗಳಲ್ಲಿ ಮುಗಿದುಹೋಗುವದು. ಇಂಥ ಊರಿನಲ್ಲಿ ಇಷ್ಟು ಎಕರೆ ಕಬ್ಬು ಸುಟ್ಟಿತು, ವಿದ್ಯುತ್ ತಂತಿಯ ಕಿಡಿ ಕಾರಣವೆಂದು ಶಂಕೆ, ಅಗ್ನಿಶಾಮಕ ದಳದವರು ಬಂದು ನಂದಿಸಿದರು, ನಷ್ಟದ ಅಂದಾಜು ಇಷ್ಟು. ಮರುದಿನ ಊರಿನ ಹೆಸರು ಬದಲಾಗುವದು, ಉಳಿದದ್ದೆಲ್ಲ ಅದೇ. ಓದಿದವರು ಇದನ್ನು ಅಪಘಾತವೆನ್ನುತ್ತಾರೆ; ಕಳೆದುಕೊಂಡವನು ಹಣೆಬರಹವೆನ್ನುತ್ತಾನೆ. ನಮ್ಮ ಮತದಲ್ಲಿ ಇವೆರಡೂ ಸರಿಯಲ್ಲ. ಬೆಂಕಿ ಹತ್ತುವದಕ್ಕೆ ಒಂದು ಕಿಡಿ ಸಾಕು ನಿಜ. ಆದರೆ ಆ ಕಿಡಿಯನ್ನು ಹತ್ತಾರು ಎಕರೆಗಳ ವಿಪತ್ತನ್ನಾಗಿ ಬೆಳೆಸುವದು ಅಂದಿನ ಹವೆ. ಆ ಹವೆ ಯಾವ ದಿನ ಬರುವದೆಂಬುದನ್ನು ಮೊದಲೇ ಅರಿಯುವ ಸಾಧನಗಳು ಇಂದು ನಮ್ಮಲ್ಲಿವೆ. ಅರಿಯಲು ಸಾಧ್ಯವಿದ್ದುದನ್ನು ಅರಿತು ಹೇಳದೆ ಇರುವದು ದೈವದ ತಪ್ಪಲ್ಲ, ಮನುಷ್ಯರ ತಪ್ಪು. ಈ ಒಂದು ಮಾತನ್ನೇ ಇಂದು ವಾಚಕರ ಮುಂದಿಡಬಯಸುತ್ತೇವೆ.

ಮಾಗಿಯೆಂದರೆ ಚಳಿ, ಚಳಿಯಲ್ಲಿ ಬೆಂಕಿಯ ಭಯವೇನು ಎಂದು ಹೊರಗಿನವರು ಕೇಳಬಹುದು. ಹಿಂಗಾರು ಮುಗಿದ ಮೇಲೆ ಈ ಬಯಲುಸೀಮೆಯ ಆಕಾಶವು ತಿಂಗಳುಗಟ್ಟಲೆ ನಿರ್ಮಲವಾಗಿರುತ್ತದೆ. ಮೋಡದ ಹೊದಿಕೆಯಿಲ್ಲದ ಕಾರಣ ರಾತ್ರಿ ನೆಲವು ಬೇಗನೆ ತಣ್ಣಗಾಗುವದು, ಹಗಲಿನಲ್ಲಿ ಅಷ್ಟೇ ಬೇಗನೆ ಕಾಯುವದು. ನಸುಕಿನಲ್ಲಿ 14 ಡಿಗ್ರಿ ಇದ್ದ ಉಷ್ಣಮಾನವು ಮಧ್ಯಾಹ್ನಕ್ಕೆ 32 ಡಿಗ್ರಿಗೆ ಏರಿತೆಂದು ಹಿಡಿಯೋಣ. ಹವೆಯಲ್ಲಿರುವ ನೀರಿನ ಆವಿ ಅಷ್ಟೇ ಇದ್ದರೂ, ಕಾದ ಹವೆಗೆ ಆವಿಯನ್ನು ಹಿಡಿಯುವ ಶಕ್ತಿ ಮೂರು ಪಟ್ಟಿನಷ್ಟು ಹೆಚ್ಚುವದರಿಂದ, ನಸುಕಿನಲ್ಲಿ ಶೇಕಡಾ 90 ಇದ್ದ ಆರ್ದ್ರತೆಯು ಮಧ್ಯಾಹ್ನಕ್ಕೆ ಶೇಕಡಾ 30ಕ್ಕೆ ಇಳಿಯುವದು. ಮುಂಜಾವಿನಲ್ಲಿ ಇಬ್ಬನಿಯಿಂದ ತೊಯ್ದು ಮೆತ್ತಗಿದ್ದ ಕಬ್ಬಿನ ಒಣಗರಿಯು ಮಧ್ಯಾಹ್ನದ ಹೊತ್ತಿಗೆ ಕೈಯಲ್ಲಿ ಹಿಡಿದರೆ ಪುಡಿಯಾಗುವಷ್ಟು ಒಣಗಿರುವದನ್ನು ಒಕ್ಕಲಿಗರೆಲ್ಲರೂ ಬಲ್ಲರು. ದಪ್ಪ ಕಟ್ಟಿಗೆ ಒಣಗಲು ವಾರಗಳು ಬೇಕು. ಗರಿ, ಹುಲ್ಲು, ಕಣಿಕೆಗಳಿಗೆ ಒಂದೆರಡು ಗಂಟೆ ಸಾಕು.

ಗಾಳಿಯ ರೀತಿಯೂ ಹೀಗೆಯೇ. ರಾತ್ರಿ ನೆಲಕ್ಕೆ ತಾಗಿದ ತಣ್ಣನೆಯ ಹವೆಯು ಭಾರವಾಗಿ ಕೆಳಗೆ ಕೂತಿರುತ್ತದೆ; ಮೇಲೆ ಬೀಸುವ ಗಾಳಿ ಅದನ್ನು ಕದಲಿಸಲಾರದು. ಬಿಸಿಲೇರಿದಂತೆ ಕೆಳಗಿನ ಹವೆ ಕಾಯ್ದು ಮೇಲಕ್ಕೇಳುವದು, ಮೇಲಿನ ವೇಗದ ಗಾಳಿ ಕೆಳಗಿಳಿಯುವದು. ಆದುದರಿಂದಲೇ ಚಳಿಗಾಲದ ಮುಂಜಾವು ನಿಶ್ಚಲವಾಗಿದ್ದರೂ ಹತ್ತು-ಹನ್ನೊಂದು ಗಂಟೆಯ ನಂತರ ಮೂಡಣದ ಒಣಗಾಳಿ ಒಮ್ಮೆಲೇ ಬಲಗೊಳ್ಳುವದು. ಹವೆ ಒಣಗುವ ಹೊತ್ತಿಗೇ ಗಾಳಿಯೂ ಏಳುತ್ತದೆ ಎಂಬುದು ಇಲ್ಲಿ ಲಕ್ಷ್ಯದಲ್ಲಿಡತಕ್ಕ ಸಂಗತಿ. ಗಾಳಿ ಬೀಸಿದಾಗ ಜ್ವಾಲೆಯು ನೆಟ್ಟಗೆ ನಿಲ್ಲದೆ ಮುಂದಕ್ಕೆ ಬಾಗಿ, ಇನ್ನೂ ಹೊತ್ತದ ಗರಿಯನ್ನು ಮುಟ್ಟುವ ಮೊದಲೇ ಕಾಸಿ ಒಣಗಿಸುವದು. ಹೊತ್ತಿದ ಗರಿಯ ತುಣುಕುಗಳು ಹಾರಿ ಬದುವಿನಾಚೆ ಬಿದ್ದು ಅಲ್ಲಿ ಹೊಸ ಬೆಂಕಿಯನ್ನು ಹುಟ್ಟಿಸುವವು. ಇಂಥ ಬೆಂಕಿಯನ್ನು ಎದುರಿನಿಂದ ಆರಿಸಲು ಹೋಗುವದು ಪ್ರಾಣಕ್ಕೆ ಸಂಚಕಾರ.

ಇನ್ನು ಹೊಲದ ಸ್ಥಿತಿ. ಕಬ್ಬು ಪಕ್ವವಾಗಿ ಸಕ್ಕರೆ ಕೂಡಲೆಂದು ಕಟಾವಿನ ಮುಂಚೆ ಕೆಲವು ವಾರ ನೀರು ಕೊಡುವದನ್ನು ನಿಲ್ಲಿಸುತ್ತಾರೆ. ಕೆಳಗಿನ ಗರಿಗಳೆಲ್ಲ ಒಣಗಿ ಜೋಲುಬಿದ್ದು ನೆಲದಿಂದ ತುದಿಯವರೆಗೆ ಬೆಂಕಿಗೆ ಏಣಿ ಹಾಕಿದಂತಿರುತ್ತದೆ. ಹೀಗೆ ಅತ್ಯಂತ ಒಣಗಿದ ಬೆಳೆ, ಅತ್ಯಂತ ಒಣಗಿದ ಹವೆ ಇವೆರಡೂ ಒಂದೇ ಕಾಲಕ್ಕೆ ಕೂಡಿಬರುತ್ತವೆ. ಹಿಂದಿನ ಕಾಲದಲ್ಲಿ ಈ ಭಾಗದಲ್ಲಿ ಕಬ್ಬೆಂದರೆ ಬಾವಿಯ ಸುತ್ತಲಿನ ಒಂದಿಷ್ಟು ತೋಟ. ಅದರ ನಾಲ್ಕೂ ಕಡೆಗೆ ಜೋಳ, ಕಡಲೆ, ಕುಸುಬೆ, ತಂಬಾಕುಗಳ ಹೊಲ. ಉಗಾರದ ಸಕ್ಕರೆ ಕಂಪನಿಯು 1939ರಲ್ಲಿ ಹುಟ್ಟಿತು. ಅನಂತರ ಚಿಕ್ಕೋಡಿಯ ದೂಧಗಂಗಾ-ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ, ರಾಯಬಾಗದ ಕಾರಖಾನೆ ಮೊದಲಾದ ಸಹಕಾರಿ ಸಂಸ್ಥೆಗಳೂ ಖಾಸಗಿ ಕಾರಖಾನೆಗಳೂ ಎದ್ದವು. ಕಾಲುವೆಯ ನೀರು, ಹೊಳೆಯಿಂದ ಎತ್ತಿದ ನೀರು ದೂರದ ಎರೆನೆಲಕ್ಕೂ ಮುಟ್ಟಿತು. ಇದರಿಂದ ಒಕ್ಕಲಿಗನ ಮನೆಯಲ್ಲಿ ದೀಪ ಹತ್ತಿತೆಂಬುದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಕಬ್ಬಿಗೆ ಕಬ್ಬು ತಾಗಿ, ಒಬ್ಬನ ಹೊಲ ಎಲ್ಲಿ ಮುಗಿಯಿತು ಇನ್ನೊಬ್ಬನದು ಎಲ್ಲಿ ಮೊದಲಾಯಿತು ಎಂಬುದನ್ನು ಬೆಂಕಿ ಅರಿಯದಂಥ ಸ್ಥಿತಿ ಬಂದಿದೆ. ಒಬ್ಬನ ಅಜಾಗರೂಕತೆಗೆ ಹತ್ತು ಮಂದಿ ದಂಡ ತೆರುವದು ಇದರ ಫಲ.

ಕಿಡಿ ಎಲ್ಲಿಂದ ಬರುವದೆಂಬುದನ್ನು ನೋಡೋಣ. ಮೊದಲನೆಯದು ಚಳಿಯೇ ಹಚ್ಚುವ ಬೆಂಕಿ. ಕಬ್ಬು ಕಡಿಯುವವರು ನಸುಕಿನಲ್ಲಿಯೇ ಹೊಲಕ್ಕೆ ಇಳಿಯುತ್ತಾರೆ. ಬದುವಿನ ಮೇಲೆ ನಾಲ್ಕು ಹಿಡಿ ರವದಿ ಕೂಡಿಸಿ ಬೆಂಕಿ ಕಾಯಿಸಿಕೊಂಡು, ಚಹ ಕಾಸಿಕೊಂಡು ಕೆಲಸಕ್ಕೆ ಹೋಗುತ್ತಾರೆ. ಆಗ ಗಾಳಿಯಿಲ್ಲ, ಗರಿ ಇಬ್ಬನಿಯಿಂದ ಹಸಿಯಾಗಿದೆ, ಯಾರಿಗೂ ಭಯವೆನಿಸುವದಿಲ್ಲ. ಬೂದಿಯೊಳಗಿನ ಕೆಂಡ ಹಾಗೆಯೇ ಇದ್ದು, ಹನ್ನೊಂದು ಗಂಟೆಗೆ ಗಾಳಿ ಎದ್ದಾಗ ಎಚ್ಚರಗೊಳ್ಳುವದು. ಎರಡನೆಯದು ಕಟಾವಾದ ಹೊಲದ ರವದಿಗೆ ಒಕ್ಕಲಿಗನೇ ಹಚ್ಚುವ ಬೆಂಕಿ. ಅದು ಬದು ದಾಟಿ ನೆರೆಯವನ ನಿಂತ ಬೆಳೆಯನ್ನು ಸೇರುವದು. ಮೂರನೆಯದು ದಾರಿಹೋಕರು ಆರಿಸದೆ ಎಸೆದ ಬೀಡಿ ಮತ್ತು ಬಯಲಲ್ಲಿ ಹೂಡಿದ ಒಲೆ. ಭಾರತ ಹುಣ್ಣಿಮೆಗೆ ಚಿಂಚಲಿಯ ಮಾಯಕ್ಕನ ಜಾತ್ರೆಗೆಂದು ಕರ್ನಾಟಕ ಮಹಾರಾಷ್ಟ್ರಗಳಿಂದ ಲಕ್ಷಾವಧಿ ಭಕ್ತರು ಬರುತ್ತಾರೆ. ಅನೇಕರು ಮೇವು ಹೇರಿದ ಚಕ್ಕಡಿಗಳೊಡನೆ ಬಯಲಲ್ಲಿ ಇಳಿದು ಅಡಿಗೆ ಮಾಡುವರು. ಆ ಪುಣ್ಯಕಾಲವೂ ಈ ಒಣಗಾಳಿಯ ಕಾಲವೂ ಒಂದೇ. ಇದನ್ನು ಹೇಳುವದು ಭಕ್ತರ ಮೇಲೆ ದೋಷವಿಡುವದಕ್ಕಲ್ಲ, ಅವರ ರಕ್ಷಣೆಯ ಹೊಣೆ ಹೊತ್ತವರ ನೆನಪಿಗೆ ತರುವದಕ್ಕೆ.

ನಾಲ್ಕನೆಯದು, ಜನರು ಎಲ್ಲಕ್ಕಿಂತ ಹೆಚ್ಚಾಗಿ ದೂರುವದು, ವಿದ್ಯುತ್ ತಂತಿ. ಇಲ್ಲಿ ಭಾವಾವೇಶಕ್ಕಿಂತ ಅಳತೆಯ ಮಾತು ಹೆಚ್ಚು ಪ್ರಯೋಜನಕಾರಿ. ರಸ್ತೆಯಲ್ಲದ ಜಾಗದಲ್ಲಿ, ಅಂದರೆ ಹೊಲಗಳ ಮೇಲೆ, 11,000 ವೋಲ್ಟಿನವರೆಗಿನ ಬರಿತಂತಿಯು ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರದಲ್ಲಿರಬೇಕೆಂದು 1956ರ ವಿದ್ಯುತ್ ನಿಯಮಗಳು ಹೇಳಿದ್ದವು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ಹೊರಡಿಸಿದ ನಿಯಮಗಳೂ ಅದೇ ಅಳತೆಯನ್ನು ಇಟ್ಟುಕೊಂಡವು. 4.6 ಮೀಟರೆಂದರೆ 15 ಅಡಿ. ಚೆನ್ನಾಗಿ ಬೆಳೆದ ಕಬ್ಬು 10ರಿಂದ 12 ಅಡಿ ನಿಲ್ಲುವದು. ಎಂದರೆ ನಿಯಮವನ್ನು ಅಕ್ಷರಶಃ ಪಾಲಿಸಿದರೂ ಕಬ್ಬಿನ ತುದಿಗೂ ತಂತಿಗೂ ನಡುವೆ ಉಳಿಯುವದು ಮೂರರಿಂದ ಐದು ಅಡಿ. ಕಂಬವೊಂದು ವಾಲಿದರೆ, ಹಗಲಿನ ಬಿಸಿಗೆ ಮತ್ತು ಪ್ರವಾಹದ ಹೊರೆಗೆ ತಂತಿ ಉದ್ದವಾಗಿ ಜೋತುಬಿದ್ದರೆ, ಆ ಅಂತರವೂ ಇಲ್ಲವಾಗುವದು. ಜೋತುಬಿದ್ದ ಎರಡು ತಂತಿಗಳು ಗಾಳಿಗೆ ತೂಗಿ ಒಂದಕ್ಕೊಂದು ಬಡಿದಾಗ ಕಾದ ಲೋಹದ ಕಿಡಿಗಳು ನೇರವಾಗಿ ಒಣಗರಿಯ ಮೇಲೆ ಉದುರುವವು. ಗಾಳಿಯಿಲ್ಲದ ದಿನ ತಂತಿಗಳು ಬಡಿಯುವದಿಲ್ಲ. ಗಾಳಿಯಿರುವ ದಿನವೇ ಬಡಿಯುವವು, ಆ ದಿನವೇ ಬೆಂಕಿ ಹರಡುವದು. ಕಿಡಿಯೂ ಗಾಳಿಯೂ ಇಲ್ಲಿ ಬೇರೆಬೇರೆಯಲ್ಲ.

ಬೆಂಕಿ ಹತ್ತಿದ ಮೇಲಿನ ಗತಿಯೇನು? ಹೊಲದಲ್ಲಿ ಬಾವಿಯಿದೆ, ಕೊಳವೆಬಾವಿಯಿದೆ, ಪಂಪು ಇದೆ. ಆದರೆ ಪಂಪಿಗೆ ವಿದ್ಯುತ್ ಬರುವದು ಪಾಳಿಯ ಮೇಲೆ. ಪಾಳಿ ರಾತ್ರಿಯದಾಗಿದ್ದರೆ ಮಧ್ಯಾಹ್ನದ ಬೆಂಕಿಗೆ ಬಾವಿ ತುಂಬಿದ್ದರೂ ಬರಿದಿದ್ದಂತೆಯೇ. ತಂತಿಯಿಂದಲೇ ಬೆಂಕಿ ಹತ್ತಿದ್ದರೆ ಪ್ರವಾಹವನ್ನು ಕಡಿಯದೆ ಯಾರೂ ಹತ್ತಿರ ಹೋಗುವ ಹಾಗಿಲ್ಲ. ಅಗ್ನಿಶಾಮಕ ವಾಹನವು ಪಟ್ಟಣದಿಂದ ಹೊರಟು, ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲನ್ನು ದಾಟಿ, ಚಕ್ಕಡಿ ದಾರಿ ಹಿಡಿದು ತೋಟಪಟ್ಟಿಗೆ ಮುಟ್ಟುವ ಹೊತ್ತಿಗೆ ಗಾಳಿಯು ತನ್ನ ಕೆಲಸ ಮುಗಿಸಿರುವದು. ಆ ದಳದವರ ಶ್ರಮವನ್ನು ನಾವು ಕಡಿಮೆಯೆಣಿಸುವದಿಲ್ಲ. ಬೆಂಕಿ ಹತ್ತಿದ ಮೇಲೆ ಓಡುವ ವ್ಯವಸ್ಥೆ ಎಷ್ಟೇ ಚೆನ್ನಾಗಿದ್ದರೂ ಗಾಳಿಗಿಂತ ಮುಂದೆ ಹೋಗಲಾರದೆಂಬುದಷ್ಟೇ ನಮ್ಮ ಮಾತು. ಊರಿಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಸುಟ್ಟ ಕಬ್ಬು ಪೂರ್ಣ ಬೂದಿಯಾಗುವದಿಲ್ಲ. ಗರಿ ಹೋಗಿ ಜಲ್ಲೆ ನಿಲ್ಲುವದು. ಅದರಿಂದ ನಷ್ಟವೇನೂ ದೊಡ್ಡದಲ್ಲವೆಂದು ತಿಳಿಯದವರು ಹೇಳುವದುಂಟು. ಜಲ್ಲೆಯ ಮೇಲಿನ ಮೇಣದ ಲೇಪ ಕರಗಿ ಸಿಪ್ಪೆ ಸೀಳಿದ ಕೂಡಲೆ ರಸಕ್ಕೆ ಸೂಕ್ಷ್ಮಜೀವಿಗಳು ಹೊಗುವವು. ಸಕ್ಕರೆ ಒಡೆದು ಹುಳಿಯಾಗತೊಡಗುವದು, ತೂಕವೂ ಇಳಿಯುವದು. ಒಂದೆರಡು ದಿನಗಳೊಳಗೆ ಕಡಿದು ನುರಿಸದಿದ್ದರೆ ಅದು ಕಾರಖಾನೆಗೂ ಬೇಡಾದ ವಸ್ತು. ಆದುದರಿಂದ ಸುಟ್ಟ ಕಬ್ಬಿಗೆ ದರವನ್ನು ಕಡಿಯುವ ರೂಢಿ ಬಿದ್ದಿದೆ. ಕಡಿಯುವವರೂ ಸಾಗಿಸುವವರೂ ಒಕ್ಕಲಿಗನ ಅವಸರವನ್ನು ನೋಡಿ ಹೆಚ್ಚಿನ ಹಣ ಕೇಳುವದುಂಟು. ಹನಿ ನೀರಾವರಿಯ ಕೊಳವೆಗಳು ಕರಗಿ ಹೋದ ನಷ್ಟ ಬೇರೆ, ಮುಂದಿನ ಕೂಳೆ ಬೆಳೆಯ ಬುಡ ಬೆಂದ ನಷ್ಟ ಬೇರೆ. ಇನ್ನೊಂದು ಕಹಿಸತ್ಯವನ್ನೂ ಮುಚ್ಚಿಡಲಾಗದು. ಕಟಾವಿನ ಪಾಳಿ ತಿಂಗಳಾದರೂ ಬಾರದೆ ಬೇಸತ್ತ ಕೆಲವರು, ಸುಟ್ಟ ಕಬ್ಬನ್ನು ಮೊದಲು ಒಯ್ಯುವರೆಂದು, ತಮ್ಮ ಹೊಲಕ್ಕೆ ತಾವೇ ಬೆಂಕಿಯಿಡುವದುಂಟು. ಗಾಳಿಯ ದಿನದಲ್ಲಿ ಹಾಗೆ ಇಟ್ಟ ಬೆಂಕಿ ಯಾರ ಹೊಲದಲ್ಲಿ ನಿಲ್ಲುವದೆಂದು ಅವರು ಹೇಳಲಾರರು.

ಕಬ್ಬಿನಾಚೆಗೂ ಬೆಂಕಿಗೆ ಆಹುತಿಯಾಗುವ ಬಾಳುಗಳಿವೆ. ದೂರದ ಬೀಡ ಜಿಲ್ಹೆಯಿಂದ, ನಮ್ಮ ವಿಜಯಪುರದ ತಾಂಡಾಗಳಿಂದ ಬರುವ ಕಬ್ಬು ಕಡಿಯುವವರ ಟೋಳಿಗಳು ಹೊಲದಂಚಿನಲ್ಲಿ ಗರಿ-ತಟ್ಟಿಗಳ ಜೋಪಡಿಗಳಲ್ಲಿ ಐದು ತಿಂಗಳು ಸಂಸಾರ ಹೂಡುತ್ತವೆ. ಜೋಪಡಿಗೆ ಜೋಪಡಿ ತಾಗಿರುತ್ತದೆ, ಬಾಗಿಲಲ್ಲೇ ಒಲೆ. ತಾಯಿತಂದೆಗಳು ಹೊಲಕ್ಕೆ ಹೋದ ಮೇಲೆ ಮಕ್ಕಳು ಮಾತ್ರ ಅಲ್ಲಿರುವರು. ಅಥಣಿ-ಕಾಗವಾಡಗಳ ಒಣಭಾಗದಲ್ಲಿ ನೀರಾವರಿಯಿಲ್ಲದ ಒಕ್ಕಲಿಗನಿಗೆ ಜೋಳದ ಕಣಿಕೆಯ ಬಣವೆಯೇ ದನಗಳ ವರ್ಷದ ಅನ್ನ. ಅದು ಸುಟ್ಟ ದಿನದಿಂದ ಅವನು ಎತ್ತುಗಳನ್ನು ಸಂತೆಗೆ ಹೊಡೆಯುವ ವಿಚಾರ ಮಾಡಬೇಕಾಗುವದು. ಇಂಥವರ ಹೆಸರು ನಷ್ಟದ ಅಂದಾಜುಪಟ್ಟಿಯಲ್ಲಿ ಬರುವದು ಅಪರೂಪ.

ಪರಿಹಾರದ ಮಾತಿಗೆ ಬರೋಣ. 2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಬೆಂಕಿಯ ಹೆಸರಿದೆ. ಆದರೆ ಆ ಹೆಸರಿನ ಹಿಂದೆ 'ನೈಸರ್ಗಿಕ' ಎಂಬ ವಿಶೇಷಣವಿದೆ. ನಿಂತ ಬೆಳೆಯ ನಷ್ಟವನ್ನು ಅಧಿಸೂಚಿತ ಕ್ಷೇತ್ರದ ಒಟ್ಟು ಸರಾಸರಿ ಇಳುವರಿಯಿಂದ ಅಳೆಯುವರು. ಒಂದು ಊರಿನಲ್ಲಿ ನಾಲ್ಕು ಹೊಲ ಸುಟ್ಟರೆ ಆ ಸರಾಸರಿ ಕದಲುವದೇ ಇಲ್ಲ. ಒಬ್ಬೊಬ್ಬರ ಹೊಲವನ್ನು ಬೇರೆಯಾಗಿ ನೋಡುವ ಸ್ಥಳೀಯ ವಿಪತ್ತುಗಳ ಪಟ್ಟಿಯಲ್ಲಿ ಆಣೆಕಲ್ಲು, ಭೂಕುಸಿತ, ಜಲಾವೃತ, ಮೇಘಸ್ಫೋಟಗಳ ಜೊತೆಗೆ ಸಿಡಿಲಿನಿಂದಾದ ಬೆಂಕಿಯನ್ನು ಹೇಳಲಾಗಿದೆ. ಮಾಗಿಯ ನಿರ್ಮಲ ಆಕಾಶದಲ್ಲಿ ಸಿಡಿಲೆಲ್ಲಿಂದ ಬರಬೇಕು? ತಂತಿಯ ಕಿಡಿ, ಒಲೆಯ ಕೆಂಡ ಇವು ನಿಸರ್ಗದವಲ್ಲವೆಂದು ಹೊರಗುಳಿಯುವವು. ಕಿಡಿ ಮನುಷ್ಯನದಾದರೂ ಅದನ್ನು ಹರಡಿದ ಒಣಗಾಳಿ ನಿಸರ್ಗದ್ದೇ ಅಲ್ಲವೆ ಎಂದು ನಾವು ಕೇಳುತ್ತೇವೆ.

ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ನೆರೆ, ಬರಗಳೊಡನೆ ಬೆಂಕಿಯೂ ಒಂದು ವಿಪತ್ತೆಂದು ನಮೂದಾಗಿದೆ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರವು ಗೊತ್ತುಮಾಡಿದ ದರದಂತೆ ನೀರಾವರಿ ಬೆಳೆಗೆ ಹೆಕ್ಟೇರಿಗೆ 17,000 ರೂಪಾಯಿ, ಅದೂ ಎರಡು ಹೆಕ್ಟೇರುಗಳ ಮಿತಿಯಲ್ಲಿ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 6,900 ರೂಪಾಯಿ. 2025-26ರ ಹಂಗಾಮಿಗೆ ಶೇಕಡಾ 10.25 ಸಕ್ಕರೆ ಇಳುವರಿಯ ಕಬ್ಬಿಗೆ ಕೇಂದ್ರವು ನಿಶ್ಚಯಿಸಿದ ಬೆಲೆ ಟನ್ನಿಗೆ 3,550 ರೂಪಾಯಿ. ಎಕರೆಗೆ 40 ಟನ್ನೆಂದು ಹಿಡಿದರೆ ಅದು 1,42,000 ರೂಪಾಯಿಯ ಬೆಳೆ. ಪೂರ್ಣ ಹಾಳಾದ ಬೆಳೆಗೆ ಈ ಪರಿಹಾರ ಇಪ್ಪತ್ತರಲ್ಲಿ ಒಂದು ಪಾಲೆಂಬುದನ್ನು ವಾಚಕರೇ ಲೆಕ್ಕ ಹಾಕಬಹುದು.

ಇನ್ನು ಹೊಣೆಯ ಪ್ರಶ್ನೆ. ತುಂಡಾಗಿ ಬಿದ್ದ ತಂತಿಯಿಂದ ಸೈಕಲ್ ಸವಾರನೊಬ್ಬನು ಸತ್ತ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಮಧ್ಯಪ್ರದೇಶದ ವಿದ್ಯುತ್ ಮಂಡಳಿಯ ವಿರುದ್ಧ ಕೊಟ್ಟ ತೀರ್ಪು ಪ್ರಸಿದ್ಧವಾಗಿದೆ. ಇಷ್ಟು ಅಪಾಯಕಾರಿಯಾದ ಶಕ್ತಿಯನ್ನು ಒದಗಿಸುವವನು ಅದು ತಪ್ಪಿಸಿಕೊಂಡು ಮಾಡಿದ ಹಾನಿಗೆ, ತನ್ನ ಅಲಕ್ಷ್ಯವಿಲ್ಲವೆಂದು ಹೇಳಿ, ಹೊಣೆಯಿಂದ ಜಾರಿಕೊಳ್ಳಲಾಗದೆಂಬುದು ಅದರ ತಿರುಳು. ಅದು ಪ್ರಾಣಹಾನಿಯ ಮೊಕದ್ದಮೆ. ಬೆಳೆಯ ಪ್ರತಿಯೊಂದು ಮೊಕದ್ದಮೆಯನ್ನೂ ಅದರದರ ಸಾಕ್ಷ್ಯದಿಂದಲೇ ತೀರ್ಮಾನಿಸಬೇಕು. ಆದರೆ ತತ್ತ್ವವು ಎರಡಕ್ಕೂ ದಾರಿ ತೋರಿಸುವಂಥದು. ಹೀಗಿರುವಾಗ ಸಾಕ್ಷ್ಯವನ್ನು ಕಾಪಾಡುವ ವ್ಯವಸ್ಥೆ ಬೇಡವೆ? ಬೆಂಕಿ ಬಿದ್ದ ದಿನವೇ ಕಂದಾಯ, ವಿದ್ಯುತ್, ಅಗ್ನಿಶಾಮಕ ಈ ಮೂರೂ ಇಲಾಖೆಗಳವರು ಕೂಡಿ ಪಂಚನಾಮೆ ಮಾಡಿ ಅದರ ಪ್ರತಿಯನ್ನು ಒಕ್ಕಲಿಗನ ಕೈಗೆ ಕೊಡತಕ್ಕದ್ದು.

ಚಳಿಗಾಲದ ಬಯಲುಬೆಂಕಿ ನಮ್ಮ ಸೀಮೆಗೊಂದೇ ಬಂದ ವಿಪತ್ತಲ್ಲ. ಅಮೇರಿಕೆಯ ಕೊಲೊರಾಡೊ ಪ್ರಾಂತದ ಬಯಲಿನಲ್ಲಿ 2021ರ ಡಿಸೆಂಬರ್ 30ರಂದು, ಹಿಮ ಬೀಳಬೇಕಾದ ಕಾಲದಲ್ಲಿ, ಒಣಹುಲ್ಲಿಗೆ ಹತ್ತಿದ ಬೆಂಕಿಯು ಗಂಟೆಗೆ 160 ಕಿಲೋಮೀಟರಿನಷ್ಟು ಬಿರುಸಾಗಿ ನುಗ್ಗಿದ ಗಾಳಿಯಿಂದ ಒಂದೇ ದಿನದಲ್ಲಿ 1,000ಕ್ಕೂ ಹೆಚ್ಚು ಕಟ್ಟಡಗಳನ್ನು ಸುಟ್ಟಿತು. ಇಬ್ಬರು ಪ್ರಾಣ ಕಳೆದುಕೊಂಡರು. 2023ರಲ್ಲಿ ಪ್ರಕಟವಾದ ತನಿಖೆಯು ಅದಕ್ಕೆ ಎರಡು ಮೂಲಗಳನ್ನು ಹೇಳಿತು: ಆರು ದಿನಗಳ ಹಿಂದೆ ಕಸ ಸುಟ್ಟಲ್ಲಿ ಮಣ್ಣಿನಡಿ ಉಳಿದಿದ್ದ ಕೆಂಡ, ಮತ್ತು ಬಹುಮಟ್ಟಿಗೆ, ಕಳಚಿಕೊಂಡ ಒಂದು ವಿದ್ಯುತ್ ತಂತಿ. ನಮ್ಮ ರವದಿಯ ಕೆಂಡವೂ ನಮ್ಮ ಜೋತುಬಿದ್ದ ತಂತಿಯೂ ಇಲ್ಲಿ ವಾಚಕರಿಗೆ ನೆನಪಾಗದೆ ಇರಲಾರವು. ಆ ದೇಶದಲ್ಲಿ ಆರ್ದ್ರತೆ ಮತ್ತು ಗಾಳಿಗಳನ್ನು ಅಳೆದು 'ಕೆಂಪು ಬಾವುಟ'ದ ಎಚ್ಚರಿಕೆಯನ್ನು ಹೊರಡಿಸುವ ಪದ್ಧತಿಯಿದೆ. ಆದರೆ ಅಂದು ಬಿರುಗಾಳಿಯ ಎಚ್ಚರಿಕೆ ಹೊರಟಿತ್ತೇ ಹೊರತು ಬೆಂಕಿಯ ಎಚ್ಚರಿಕೆ ಹೊರಡಲಿಲ್ಲ. ಆರ್ದ್ರತೆಯು ಗೊತ್ತುಪಡಿಸಿದ ಮಿತಿಗಿಂತ ಕೆಳಗಿಳಿದಿರಲಿಲ್ಲವೆಂಬುದೇ ಕಾರಣ. ಇದರಿಂದ ಎರಡು ಪಾಠಗಳು. ಎಚ್ಚರಿಕೆಯ ಪದ್ಧತಿ ಬೇಕು. ಮತ್ತು ಅದರ ಮಿತಿಗಳನ್ನು ಬೇರೆಡೆಯಿಂದ ನಕಲು ಮಾಡದೆ ಆಯಾ ನೆಲದ ಅನುಭವದಿಂದ ಗೊತ್ತುಪಡಿಸಬೇಕು.

ನಮ್ಮಲ್ಲಿ ಇದಕ್ಕೆ ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಭಾರತದ ಹವಾಮಾನ ಇಲಾಖೆ 1875ರಿಂದ ಕೆಲಸ ಮಾಡುತ್ತಿದೆ. ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಹೋಬಳಿ ಹೋಬಳಿಗಳಲ್ಲಿ ಉಷ್ಣಮಾನ, ಆರ್ದ್ರತೆ, ಗಾಳಿಯ ವೇಗಗಳನ್ನು ತಾನಾಗಿ ಅಳೆದು ಕಳಿಸುವ ಯಂತ್ರಗಳನ್ನು ನೆಟ್ಟಿದೆ. ಅಡವಿಯ ಬೆಂಕಿಯನ್ನು ಉಪಗ್ರಹಗಳಿಂದ ನೋಡಿ ಅರಣ್ಯಾಧಿಕಾರಿಗಳಿಗೆ ತಿಳಿಸುವ ಕೆಲಸವನ್ನು ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ಮಾಡುತ್ತಲೇ ಇದೆ. ಅಡವಿಗೆ ಸಿಕ್ಕ ಈ ಕಾವಲು ಅನ್ನದ ಹೊಲಕ್ಕೆ ಏಕೆ ಸಿಗಬಾರದು? ಹವಾಮಾನ ಇಲಾಖೆ, ಉಸ್ತುವಾರಿ ಕೇಂದ್ರ, ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಬೆಳಗಾವಿಯ ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇವು ಕೂಡಿ ಕಳೆದ ವರ್ಷಗಳ ಬೆಂಕಿಗಳ ದಿನಾಂಕಗಳನ್ನೂ ಆ ದಿನಗಳ ಹವೆಯನ್ನೂ ಜೋಡಿಸಿ ನೋಡಲಿ. ಎಷ್ಟು ಒಣಹವೆಗೆ ಎಷ್ಟು ಗಾಳಿ ಕೂಡಿದರೆ ಅಪಾಯವೆಂಬ ಮಿತಿಯನ್ನು ಗೊತ್ತುಪಡಿಸಲಿ. ಮರುದಿನ ಆ ಮಿತಿ ಮೀರುವದೆಂದು ಕಂಡಾಗ ಹಿಂದಿನ ಸಂಜೆಯೇ ಅದನ್ನು 'ಬೆಂಕಿಯ ದಿನ'ವೆಂದು ಮೊಬಾಯಿಲುಗಳಲ್ಲಿ, ಪಂಚಾಯತಿಯ ಧ್ವನಿವರ್ಧಕದಲ್ಲಿ, ಕಾರಖಾನೆಯ ಕಟ್ಟೆಯಲ್ಲಿ, ಗುಡಿ-ಮಸೀದಿ-ಬಸದಿಗಳ ಮುಂದೆ ಸಾರಲಿ.

ಸಾರಿದರಷ್ಟೇ ಸಾಲದು. ಅಂಥ ದಿನ ಹೊಲದಲ್ಲಿ ರವದಿ ಸುಡುವದನ್ನು ಪೂರ್ಣವಾಗಿ ನಿಲ್ಲಿಸತಕ್ಕದ್ದು. ನಸುಕಿನ ಬೆಂಕಿಗೆ ನೀರು ಹೊಯ್ದು, ಕೈಯಿಂದ ಮುಟ್ಟಿ ನೋಡಿ, ಮಣ್ಣು ಮುಚ್ಚಿಯೇ ಕೆಲಸಕ್ಕೆ ಹೋಗತಕ್ಕದ್ದು. ಲೈನ್‌ಮನ್‌ಗಳು ಅಪಾಯದ ತಂತಿಗಳ ಬಳಿ ಸಿದ್ಧರಿರಬೇಕು. ಬೆಂಕಿಯ ಸುದ್ದಿ ಬಂದ ಕ್ಷಣವೇ ಆ ಮಾರ್ಗದ ಪ್ರವಾಹವನ್ನು ಕಡಿದು, ಸುರಕ್ಷಿತವಾದ ಪಕ್ಕದ ಮಾರ್ಗದ ಪಂಪುಗಳಿಗೆ ಪಾಳಿ ನೋಡದೆ ವಿದ್ಯುತ್ ಕೊಡಬೇಕು. ದೀಪಾವಳಿಯ ಒಳಗಾಗಿ ಕಬ್ಬಿನ ಹೊಲಗಳ ಮೇಲಿನ ತಂತಿಗಳನ್ನೆಲ್ಲ ನೋಡಿ, ಜೋತುಬಿದ್ದುದನ್ನು ಬಿಗಿದು, ದೂರದೂರದ ಕಂಬಗಳ ನಡುವೆ ಇನ್ನೊಂದು ಕಂಬ ನೆಟ್ಟು, ತಂತಿಗಳು ಬಡಿಯದಂತೆ ನಡುವೆ ಅಂತರಪಟ್ಟಿಗಳನ್ನು ಕೂಡಿಸುವದು ದೊಡ್ಡ ವೆಚ್ಚದ ಮಾತಲ್ಲ. ಒಂದು ಹಂಗಾಮಿನಲ್ಲಿ ಸುಡುವ ಕಬ್ಬಿನ ಬೆಲೆಯೊಡನೆ ಈ ವೆಚ್ಚವನ್ನು ತೂಗಿ ನೋಡಲಿ.

ಒಕ್ಕಲಿಗ ಬಂಧುಗಳಿಗೂ ನಾಲ್ಕು ಮಾತು ಹೇಳದೆ ಈ ಲೇಖನವನ್ನು ಮುಗಿಸಿದರೆ ನಾವು ಅವರ ಹಿತಚಿಂತಕರೆನಿಸಲಾರೆವು. ತಂತಿಯ ಕೆಳಗೆ, ಟ್ರಾನ್ಸ್‌ಫಾರ್ಮರಿನ ಸುತ್ತ ಕಬ್ಬು ನಾಟಿ ಮಾಡುವ ಆಸೆಯನ್ನು ಬಿಡಬೇಕು. ಅಲ್ಲಿ ಗಿಡ್ಡ ಬೆಳೆ ಸಾಕು. ನೆರೆಹೊರೆಯವರು ಕೂಡಿ ಮಾತಾಡಿಕೊಂಡು ಹೊಲಹೊಲಗಳ ನಡುವೆ ಒಂದು ಚಕ್ಕಡಿ ದಾರಿಯಷ್ಟು ನೆಲವನ್ನು ಗರಿಯಿಲ್ಲದಂತೆ ಇಟ್ಟರೆ ಬೆಂಕಿಯೂ ಅಲ್ಲಿ ತಡೆಯುವದು, ಅಗ್ನಿಶಾಮಕ ವಾಹನವೂ ಅಲ್ಲಿಂದ ಒಳಬರುವದು. ಆ ದಾರಿಗಾಗಿ ಬಿಟ್ಟ ನಾಲ್ಕು ಸಾಲು ಕಬ್ಬು ನಷ್ಟವಲ್ಲ, ಉಳಿದ ನಾನೂರು ಸಾಲುಗಳಿಗೆ ಕೊಟ್ಟ ಕಾವಲುಗಾರನ ಪಗಾರ.

ರವದಿಯನ್ನು ಸುಡುವ ರೂಢಿಯ ವಿಷಯದಲ್ಲಂತೂ ನಮಗೆ ಪಾಠ ಹೇಳಲು ಹೊರಗಿನವರು ಬರಬೇಕಾಗಿಲ್ಲ. ಹಿಂದಿನ ಚಿಕ್ಕೋಡಿ ತಾಲೂಕಿನ ಬೇಡಕಿಹಾಳದ ಸುರೇಶ ದೇಸಾಯಿಯವರು ರವದಿಯನ್ನು ಸುಡದೆ ಸಾಲುಗಳ ನಡುವೆ ಹೊದಿಸಿ, ಕಡಿಮೆ ನೀರಿನಲ್ಲಿ ಕಬ್ಬು ಬೆಳೆದು, ನೋಡಬಂದವರಿಗೆಲ್ಲ ತೋರಿಸಿದರು. ಎಕರೆಗೆ ಮೂರು-ನಾಲ್ಕು ಟನ್ ಬೀಳುವ ರವದಿಯು ಮಣ್ಣಿನಲ್ಲಿ ಕರಗಿದರೆ ಗೊಬ್ಬರ. ಸುಟ್ಟರೆ ಅದರ ಸಾರಜನಕದ ಬಹುಪಾಲು ಹೊಗೆಯಾಗಿ ಆಕಾಶಕ್ಕೆ ಹೋಗುವದು. ಹೊದಿಸಿದ ರವದಿಯೂ ಒಣಗಿದಾಗ ಉರಿಯುವಂಥದೇ ಆದುದರಿಂದ, ಹೊದಿಸಿದ ಕೂಡಲೆ ನೀರು ಹಾಯಿಸಿ ಮಣ್ಣಿಗೆ ಕೂಡಿಸುವದು, ಬದುವಿನ ಅಂಚನ್ನು ಬರಿದಾಗಿಡುವದು ಅವಶ್ಯ. ಬೆಂಕಿಗೆ ಆಹಾರವಾಗುವದನ್ನು ಮಣ್ಣಿಗೆ ಆಹಾರ ಮಾಡಿದವನು ತನ್ನ ಹೊಲವನ್ನೂ ನೆರೆಯವನ ಹೊಲವನ್ನೂ ಕಾಯ್ದಂತೆ.

ಕಾರಖಾನೆಗಳ ಪಾಲೂ ಸಣ್ಣದಲ್ಲ. ಕಬ್ಬು ತಮ್ಮ ಕಟ್ಟೆಗೆ ಬಂದ ಮೇಲೆಯೇ ತಮ್ಮದು, ಅಲ್ಲಿಯವರೆಗೆ ಒಕ್ಕಲಿಗನದು ಎಂಬ ವಿಚಾರ ಬಿಡಬೇಕು. ಕಟಾವಿನ ಪಾಳಿಯನ್ನು ಬಹಿರಂಗವಾಗಿ ಹಚ್ಚಿ, ಅದರಂತೆ ನಡೆದರೆ ತಮ್ಮ ಹೊಲಕ್ಕೆ ತಾವೇ ಬೆಂಕಿಯಿಡುವವರು ಇಲ್ಲವಾಗುವರು. ಅಕಸ್ಮಾತ್ ಸುಟ್ಟ ಕಬ್ಬನ್ನು ಎರಡು ದಿನಗಳೊಳಗೆ ಒಯ್ಯುವದಾಗಿ ಮಾತು ಕೊಡಬೇಕು. ತಪ್ಪು ಒಕ್ಕಲಿಗನದಲ್ಲವೆಂದು ಪಂಚನಾಮೆ ಹೇಳಿದಾಗ ದರ ಕಡಿಯಬಾರದು. ಕಡಿಯುವವರ ಜೋಪಡಿಗಳನ್ನು ಹೊಲದಿಂದ ದೂರ, ಹಸನಾದ ನೆಲದಲ್ಲಿ, ಒಂದರಿಂದೊಂದು ಅಂತರವಿಟ್ಟು ಕಟ್ಟಿಸಿ, ನೀರಿನ ಪೀಪಾಯಿಗಳನ್ನೂ ಮರಳಿನ ಬುಟ್ಟಿಗಳನ್ನೂ ಇಡಿಸಲಿ. ಬೆಂಕಿಯ ದಿನಗಳಲ್ಲಿ ಪ್ರತಿಯೊಂದು ಕಾರಖಾನೆಯು ತನ್ನ ಕ್ಷೇತ್ರದಲ್ಲಿ ನೀರು ತುಂಬಿದ ಟ್ಯಾಂಕರುಗಳನ್ನು ಊರೂರಿಗೆ ನಿಲ್ಲಿಸಿದರೆ, ಪಟ್ಟಣದ ವಾಹನ ಬರುವ ಮೊದಲಿನ ಆ ಅಮೂಲ್ಯ ಅರ್ಧ ಗಂಟೆ ವ್ಯರ್ಥವಾಗದು.

ಈ ಐದು ತಾಲೂಕುಗಳ ಪಡುವಣ-ಬಡಗಣ ಸೀಮೆಗೆ ಹೊಂದಿ ಕೊಲ್ಹಾಪುರ-ಸಾಂಗಲಿ ಜಿಲ್ಹೆಗಳಿವೆ. ನಕಾಶೆಯ ಗೆರೆಯ ವಿಷಯದಲ್ಲಿ ಬಹುಕಾಲ ವಾದವಾಗಿದೆ. ಮೂಡಣದಿಂದ ಬೀಸುವ ಮಾಗಿಯ ಗಾಳಿಯು ನಮ್ಮ ಹೊಲದ ಕಿಡಿಯನ್ನು ಆಚೆಗೆ ಒಯ್ಯುವಾಗ ಆ ಗೆರೆಯನ್ನು ಕೇಳುವದಿಲ್ಲ. ನೆರೆಯ ಕಾಲದಲ್ಲಿ ಎರಡೂ ರಾಜ್ಯಗಳ ಅಧಿಕಾರಿಗಳು ನೀರಿನ ಲೆಕ್ಕವನ್ನು ಒಬ್ಬರಿಗೊಬ್ಬರು ತಿಳಿಸುವಂತೆ, ಬೆಂಕಿಯ ಕಾಲದಲ್ಲಿ ಗಾಳಿಯ ಲೆಕ್ಕವನ್ನೂ ತಿಳಿಸಲಿ, ಹತ್ತಿರವಿದ್ದ ವಾಹನ ಯಾವ ರಾಜ್ಯದ್ದಾದರೂ ಮೊದಲು ಓಡಲಿ.

ನೀರಿನ ವಿಪತ್ತು ಸದ್ದು ಮಾಡುತ್ತ ಬರುತ್ತದೆ. ಸಾವಿರ ಮನೆಗಳಿಗೆ ಒಮ್ಮೆಲೇ ಬರುತ್ತದೆ. ಅದಕ್ಕಾಗಿ ಅದಕ್ಕೆ ಸಾವಿರ ಬಾಯಿಗಳಿವೆ. ಬೆಂಕಿಯು ಇಂದು ಒಬ್ಬನಿಗೆ, ನಾಳೆ ಇನ್ನೊಬ್ಬನಿಗೆ ಬರುತ್ತದೆ. ಆದುದರಿಂದ ಅದಕ್ಕೆ ದನಿಯಿಲ್ಲ. ಹದಿನೈದು ತಿಂಗಳು ನೀರು ಹಾಯಿಸಿ, ಸಾಲ ಮಾಡಿ ಗೊಬ್ಬರ ಹಾಕಿ ಬೆಳೆಸಿದ್ದನ್ನು ಒಂದು ಮಧ್ಯಾಹ್ನದಲ್ಲಿ ಕಳೆದುಕೊಂಡು ಬದುವಿನ ಮೇಲೆ ಕೂತವನು ಕೇಳುವದು ದಯೆಯನ್ನಲ್ಲ, ಹಿಂದಿನ ಸಂಜೆ ತನಗೆ ಯಾರಾದರೂ ಹೇಳಬಹುದಾಗಿದ್ದ ಒಂದು ಮಾತನ್ನು. ಬರುವ ಹಂಗಾಮಿನ ಮೊದಲ ಒಣಗಾಳಿ ಏಳುವ ಮುಂಚೆ ಆ ಮಾತನ್ನು ಹೇಳುವ ವ್ಯವಸ್ಥೆ ಆಗಲಿ ಎಂದು ಜಿಲ್ಹೆಯ ಅಧಿಕಾರಿಗಳನ್ನೂ, ಶಾಸಕರನ್ನೂ, ಕಾರಖಾನೆಗಳ ಸಂಚಾಲಕರನ್ನೂ ನಾವು ಒತ್ತಾಯಿಸುತ್ತೇವೆ.